ಬಾಗಿಲ ಹಿಂದಿನ ಬೊಟ್ಟು

ಬಂದುಬಿಟ್ಟೆವು! ನಿನ್ನೆ ಬೆಳಿಗ್ಗೆ ಹತ್ತು ಗಂಟೆಗೆ, ಅಮೆರಿಕದ ಆಶ್‌ಬರ್ನಿನ ನಮ್ಮ ಮನೆಗೆ, ಐದಕ್ಕೆ ಐದೂ ಜನ ವಾಪಸ್ ಬಂದುಬಿಟ್ಟೆವು. ಬೀಗ ತೆಗೆದವಳು ನನ್ನ ಮೊಮ್ಮಗಳು ಅನಿಕಾ. ಹನ್ನೊಂದು ವರ್ಷದ ಹುಡುಗಿ, ಕೀಲಿ ತಿರುಗಿಸುವಾಗ ನಾಲಿಗೆಯ ತುದಿ ಕಚ್ಚಿಕೊಂಡಿದ್ದಳು. ನನ್ನ ಹೆಂಡತಿ ಜಯಮ್ಮ ಹಾಲಿನ ಪಾತ್ರೆ ಹಿಡಿದುಕೊಂಡು "ಬಲಗಾಲು, ಎಲ್ಲಾರೂ ಬಲಗಾಲು" ಎಂದು ಕೂಗುತ್ತಾ ತಾನು ಮಾತ್ರ ಎಡಗಾಲಿಟ್ಟು ಒಳಗೆ ನಡೆದಳು. ಅಳಿಯ ಮಂಜು ನೋಡಿದ, ನಾನೂ ನೋಡಿದೆ. ಮಗಳು ರೇಖಾ ಎರಡು ಕೈಯಲ್ಲೂ ಚೀಲ ಹಿಡಿದು ಎಲ್ಲರ ಹಿಂದೆ ಬಂದಳು. ಹಾಲು ಉಕ್ಕಿ ಒಲೆಯ ಮೇಲೆಲ್ಲ ಹರಿಯಿತು. ಅಷ್ಟೂ ಹಾಲು ನನ್ನ ಎದೆಯೊಳಗೇ ಉಕ್ಕಿದ ಹಾಗಿತ್ತು.

ಈ ಸಂತೋಷವನ್ನು ಎಲ್ಲಾದರೂ ಸುರಿದುಕೊಳ್ಳದಿದ್ದರೆ ನಾನು ಉಳಿಯುವುದಿಲ್ಲ. ಓದಿದ್ದು ನಾಲ್ಕನೇ ಕ್ಲಾಸು. ಆಮೇಲೆ ಮೈಸೂರಿನಲ್ಲಿ ಐವತ್ತು ವರ್ಷ ಊರಿನವರ ಗೋಡೆಗಳಿಗೆ ಸುಣ್ಣಬಣ್ಣ ಬಳಿದೆ. ಕುಂಚ ಹಿಡಿದ ಕೈಗೆ ಪೆನ್ನು ಒಗ್ಗುವುದಿಲ್ಲ. ಆದರೂ ಅನಿಕಾಳ ಹಳೆಯ ನೋಟ್‌ಬುಕ್ಕಿನಲ್ಲಿ ಉಳಿದಿದ್ದ ಹಾಳೆಗಳನ್ನು ಇಸಿದುಕೊಂಡು ಕೂತಿದ್ದೇನೆ.

ಬಾಗಿಲು ತೆರೆದ ಕೂಡಲೇ ಮೂಗಿಗೆ ಬಡಿದದ್ದು ಹೊಸ ಬಣ್ಣದ ವಾಸನೆ. ಬಾಡಿಗೆಯವರು ಖಾಲಿ ಮಾಡಿದ ಮೇಲೆ ಯಾರೋ ಬಂದು ಹಾಲಿನ ಗೋಡೆಗಳಿಗೆ ಮಾತ್ರ ಇದ್ದ ಬಣ್ಣವನ್ನೇ ಇನ್ನೊಂದು ಕೋಟು ಹೊಡೆದು ಹೋಗಿದ್ದರು. ಜೀವಮಾನವೆಲ್ಲ ನನಗೆ ಅನ್ನ ಹಾಕಿದ ವಾಸನೆ ಅದು. ನಿನ್ನೆ ಮಾತ್ರ ಅದು ಮೂಗಿಗೆ ಬಿದ್ದದ್ದೇ ಕಾಲು ಹೊಸ್ತಿಲಲ್ಲಿ ನಿಂತುಹೋಯಿತು. ಎರಡೂವರೆ ವರ್ಷದ ಹಿಂದಿನ ಆ ಮಾರ್ಚ್, ಆ ಏಪ್ರಿಲ್ ಎದುರಿಗೆ ಬಂದು ನಿಂತವು.

ಮನೆ ಎಂದರೆ ಇಲ್ಲಿಯವರು ಟೌನ್‌ಹೌಸ್ ಅನ್ನುತ್ತಾರಲ್ಲ, ಅದು. ಎಂಟು ಮನೆಗಳು ಹೆಗಲಿಗೆ ಹೆಗಲು ಕೊಟ್ಟು ಒಂದೇ ಸಾಲಿನಲ್ಲಿ ನಿಂತಿವೆ. ಈ ಮನೆಯ ಗೋಡೆಯೇ ಆ ಮನೆಯ ಗೋಡೆ. ಮೊದಲ ಸಲ ನೋಡಿದಾಗ ನಾನು, "ಇದೇನಮ್ಮಾ, ನಮ್ಮ ವಠಾರಾನೇ ಎತ್ತಿ ಮೂರು ಅಂತಸ್ತು ಮಾಡಿ ನಿಲ್ಲಿಸಿದಾರೆ?" ಎಂದಿದ್ದೆ. ರೇಖಾ ಬಿದ್ದು ಬಿದ್ದು ನಕ್ಕಿದ್ದಳು. "ಮೆತ್ತಗೆ ಹೇಳಪ್ಪ. ಈ ವಠಾರ ಸಿಗೋಕೆ ನಾವು ಎಷ್ಟು ಮನೆ ಹತ್ತಿ ಇಳಿದಿದೀವಿ ಗೊತ್ತಾ ನಿಂಗೆ?"

ಹಳೆಯ ಮನೆಯನ್ನು ಕೊಂಡು ಹೊಸದು ಮಾಡಿಸಿದ್ದರು. ಅಡುಗೆಮನೆಯ ಅಡ್ಡಗೋಡೆ ತೆಗೆಸಿ ಹಾಲಿಗೆ ಸೇರಿಸಿದ್ದರು, ಕಾರ್ಪೆಟ್ಟು ಕಿತ್ತು ಮರದ ನೆಲ ಹಾಸಿಸಿದ್ದರು. ಬಣ್ಣ ಮಾತ್ರ ನನಗೆ ಬಿಟ್ಟಿದ್ದರು. ಮೊದಲ ಸಲ ಬಂದಾಗ ಎರಡು ತಿಂಗಳು ನಾನು ಏಣಿಯಿಂದ ಇಳಿಯಲೇ ಇಲ್ಲ. ಹಾಲಿಗೆ ಕೆನೆ ಬಣ್ಣ. ಅಡುಗೆಮನೆಯ ಪಕ್ಕದ ಪುಟ್ಟ ಉಗ್ರಾಣದೊಳಗೆ ದೇವರ ಮನೆ ಮಾಡಿದ್ದರು, ಅದಕ್ಕೆ ಕುಂಕುಮಗೆಂಪು. ಅನಿಕಾಳ ಕೋಣೆಗೆ ಗಿಳಿಹಸಿರು, ಅವಳೇ ಕೈ ತೋರಿಸಿ ಆರಿಸಿದ್ದು. ಇಲ್ಲಿಯ ಗೋಡೆ ಬೆರಳಲ್ಲಿ ತಟ್ಟಿದರೆ ಡಬ್ಬದ ಹಾಗೆ ಟೊಳ್ಳು ಶಬ್ದ ಮಾಡುತ್ತದೆ. ಆದರೆ ಬಣ್ಣ ಕುಡಿಯುವುದರಲ್ಲಿ ನಮ್ಮ ಗಾರೆ ಗೋಡೆಗೇನೂ ಕಡಿಮೆಯಿಲ್ಲ.

ಎರಡನೇ ಸಲ ಬಂದದ್ದು ಆ ಫೆಬ್ರವರಿಯಲ್ಲಿ. ಬಂದು ಹತ್ತು ದಿನವಾಗಿತ್ತು. ಬೆಳಿಗ್ಗೆ ಒಂಬತ್ತಕ್ಕೆ ರೇಖಾ ಕಾಫಿ ಲೋಟ ಹಿಡಿದು ಲ್ಯಾಪ್‌ಟಾಪ್ ಮುಂದೆ ಕೂತಳು. ಅದು ತೆರೆಯಲಿಲ್ಲ. ಮತ್ತೆ ಮತ್ತೆ ಏನೋ ಒತ್ತಿದಳು. ಆಮೇಲೆ ಫೋನು ನೋಡಿದಳು. ಆ ಕಾಫಿ ಸಂಜೆಯವರೆಗೂ ಮೇಜಿನ ಮೇಲೇ ಇತ್ತು, ಮೇಲೆ ಕೆನೆ ಕಟ್ಟಿಕೊಂಡು.

ಕೆಲಸ ಹೋಯಿತೆಂದರೆ ಇನ್ನೊಂದು ಹುಡುಕಿಕೊಂಡರಾಯಿತು ಎಂದು ನಾನು ತಿಳಿದಿದ್ದೆ. ನಮ್ಮ ಕಸುಬಿನಲ್ಲಿ ಹಾಗೆಯೇ ಅಲ್ಲವೇ? ಮಂಜು ನನ್ನನ್ನು ಪಕ್ಕಕ್ಕೆ ಕರೆದು ತಿಳಿಸಿ ಹೇಳಿದ. "ಮಾವ, ನಮ್ಮದೆಲ್ಲಾ ಇವಳ ವೀಸಾ ಮೇಲೆ ನಿಂತಿದೆ. ನನ್ನ ಕೆಲಸದ ಪರ್ಮಿಟ್ಟೂ ಅದರ ಮೇಲೇನೆ. ಅರವತ್ತು ದಿನದಲ್ಲಿ ಇನ್ನೊಂದು ಕೆಲಸ ಸಿಕ್ಲಿಲ್ಲ ಅಂದ್ರೆ ದೇಶ ಬಿಡಬೇಕು." ಮೂರು ಅಂತಸ್ತಿನ ಮನೆ, ಒಂದೇ ಕಂಬ. ಆ ಕಂಬ ಬಿದ್ದಿತ್ತು. ಹೊರಡುವ ಗಳಿಗೆ ಬಂದ ಮೇಲೆ ಮನೆ ಮಾರುತ್ತಾ ಕೂರಲಾಗುವುದಿಲ್ಲ, ಮೊದಲೇ ಮಾರಿಬಿಡುವುದು ಎಂದು ಗಂಡ ಹೆಂಡತಿ ತೀರ್ಮಾನ ಮಾಡಿದರು. ಮನೆಯ ಮುಂದೆ ಬೋರ್ಡು ಬಂತು. ಅದರ ಮೇಲೆ ಏನು ಬರೆದಿದೆ ಎಂದು ನಾನು ಯಾರನ್ನೂ ಕೇಳಲಿಲ್ಲ. ಜೀವನದಲ್ಲಿ ಅಂಥ ಬೋರ್ಡು ಎಷ್ಟೋ ಬರೆದಿದ್ದೇನೆ.

ಮನೆ ಮಾರಿಸಿಕೊಡುವ ಹೆಂಗಸಿನ ಹೆಸರು ಲಿಂಡಾ. ಐವತ್ತೈದರ ಆಸುಪಾಸು, ಒಳ್ಳೆಯವಳೇ. ಮನೆಯೆಲ್ಲಾ ಸುತ್ತಿ ಗಿಳಿಹಸಿರು ಕೋಣೆಯ ಬಾಗಿಲಲ್ಲಿ ನಿಂತು ಏನೋ ಅಂದಳು. ನನಗೆ ತರ್ಜುಮೆ ಮಾಡುವ ಕೆಲಸ ಅನಿಕಾಳದು. ಆಗ ಅವಳಿಗೆ ಎಂಟು ವರ್ಷ ತುಂಬಿತ್ತು.

"ಏನಂತೆ?"

"ತಾತ, ಈ ಕಲರ್ ತುಂಬಾ ಲೌಡ್ ಅಂತೆ."

"ಬಣ್ಣ ಹೇಗಮ್ಮಾ ಲೌಡ್ ಆಗತ್ತೆ? ಕಿವಿಗೆ ಕೇಳ್ಸತ್ತಾ?"

"ಐ ಡೋಂಟ್ ನೋ, ತಾತ. ಬಟ್ ನಂಗೆ ಇಷ್ಟ."

ಲಿಂಡಾ ಇನ್ನೂ ಬಹಳ ಹೇಳಿದಳಂತೆ. ಗೋಡೆಯ ಮೇಲೆ ಫೋಟೋ ಇರಬಾರದು. ದೇವರು ಇರಬಾರದು. ಒಗ್ಗರಣೆ ವಾಸನೆ ಬರಬಾರದು. ನೋಡಲು ಬಂದವರಿಗೆ ಇದು ತಮ್ಮದೇ ಮನೆ ಅನ್ನಿಸಬೇಕು, ಇಲ್ಲಿ ಯಾರೋ ಇದ್ದಾರೆ ಅನ್ನುವುದೇ ಗೊತ್ತಾಗಬಾರದು. ಜಯಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಕೇಳಿದಳು: "ಇರೋರು ಇಲ್ಲ ಅಂತ ತೋರ್ಸೋಕೆ ನಾವೇನು ದೆವ್ವಗಳಾ?" ಲಿಂಡಾ ಅದೇನೆಂದು ಕೇಳಿದಳು. ರೇಖಾ, "ಆಯ್ತು ಅಂತಿದಾರೆ" ಎಂದು ಹೇಳಿದಳು.

ಬಣ್ಣ ನಾನೇ ಹೊಡೆಯುತ್ತೇನೆ ಎಂದೆ. ಬೇರೆಯವರು ಬಂದು ಅದನ್ನು ಅಳಿಸುವುದು ನನ್ನಿಂದ ನೋಡಲಾಗುತ್ತಿರಲಿಲ್ಲ. ತಂದ ಬಣ್ಣ ಯಾವುದು ಗೊತ್ತೇ? ಬೂದಿ. ಒಲೆಯ ಬೂದಿಗೆ ಸ್ವಲ್ಪ ಸುಣ್ಣ ಬೆರೆಸಿದರೆ ಬರುತ್ತದಲ್ಲ, ಅದು. ಮೈಸೂರಿನಲ್ಲಿ ಇದನ್ನು ಬಳಿದಿದ್ದರೆ ಮನೆಯೊಡತಿ ಪೊರಕೆ ತೆಗೆದುಕೊಂಡು ಓಡಿಸುತ್ತಿದ್ದಳು. ಇಲ್ಲಿ ಅದೇ ಬೇಕಂತೆ. ಆರು ದಿನದಲ್ಲಿ ಇಡೀ ಮನೆಗೆ ಬೂದಿ ಬಳಿದೆ. ಕುಂಕುಮಗೆಂಪಿಗೆ ಮೂರು ಕೋಟು ಬೇಕಾಯಿತು. ಎರಡು ಕೋಟು ಹೊಡೆದರೂ ಒಳಗಿನಿಂದ ಕೆಂಪು ಇಣುಕುತ್ತಲೇ ಇತ್ತು. ದೇವರನ್ನು ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಕಾರಿನ ಡಿಕ್ಕಿಯಲ್ಲಿ ಇಟ್ಟರು. ಜಯಮ್ಮ ಬೆಳಿಗ್ಗೆ ಸ್ನಾನ ಮಾಡಿ ಗರಾಜಿಗೆ ಹೋಗಿ ಡಿಕ್ಕಿಗೆ ಕೈ ಮುಗಿಯುತ್ತಿದ್ದಳು.

ಗಿಳಿಹಸಿರು ಅಳಿಸುವ ದಿನ ಅನಿಕಾ ಮೆಟ್ಟಿಲ ಮೇಲೆ ಮೊಣಕಾಲು ತಬ್ಬಿ ಕೂತಿದ್ದಳು. "ತಾತ, ಸ್ವಲ್ಪ ಬಿಡು. ಸ್ಮಾಲ್ ಆಗಿ. ಯಾರೂ ನೋಡಲ್ಲ." ಆಗುವುದಿಲ್ಲ ಕಂದ ಎಂದೆ. ಅವಳು ಎದ್ದು ಹೋದ ಮೇಲೆ ಸ್ವಿಚ್ಚಿನ ಮೇಲಿನ ಪ್ಲೇಟು ಬಿಚ್ಚಿ, ಅದರ ಹಿಂದೆ ಒಂದು ಬೆರಳಗಲ ಹಸಿರು ಉಳಿಸಿ, ಪ್ಲೇಟು ತಿರುಗಿ ಹಾಕಿದೆ. ಅವಳಿಗೂ ಹೇಳಲಿಲ್ಲ.

ಕೆಲಸ ಮುಗಿದ ದಿನ ಜಯಮ್ಮ ಕೇಳಿದಳು, "ರೀ, ಬೊಟ್ಟು ಇಟ್ರಾ?"

ಇದನ್ನು ಬಿಡಿಸಿ ಹೇಳಬೇಕು. ನನಗೆ ಕೆಲಸ ಕಲಿಸಿದ ಮೇಸ್ತ್ರಿ ಒಂದು ರೂಢಿ ಇಟ್ಟುಕೊಂಡಿದ್ದ. ಕೂಸಿಗೆ ಸ್ನಾನ ಮಾಡಿಸಿದರೆ ಕೆನ್ನೆಗೆ ದೃಷ್ಟಿಬೊಟ್ಟು ಇಡುತ್ತೇವಲ್ಲ, ಹಾಗೆ ಹೊಸ ಬಣ್ಣ ಹೊಡೆದ ಮನೆಗೂ ಪ್ರತಿ ಕೋಣೆಯ ಬಾಗಿಲ ಹಿಂದೆ, ನೆಲದಿಂದ ಗೇಣು ಮೇಲೆ, ಒಂದು ಕಪ್ಪು ಚುಕ್ಕೆ. ಬಾಗಿಲು ತೆರೆದರೆ ಮುಚ್ಚಿಹೋಗುತ್ತದೆ, ಯಾರ ಕಣ್ಣಿಗೂ ಬೀಳುವುದಿಲ್ಲ. ಐವತ್ತು ವರ್ಷದಲ್ಲಿ ಬೊಟ್ಟಿಡದೆ ನಾನು ಕುಂಚ ತೊಳೆದವನಲ್ಲ. ಆದರೆ ಇಲ್ಲಿ ಕಪ್ಪು ಬಣ್ಣವೇ ಇರಲಿಲ್ಲ, ಇದ್ದದ್ದೆಲ್ಲಾ ಬೂದಿ.

"ಈ ಮನೆಗೆ ದಿನಕ್ಕೆ ಹತ್ತು ಜನ ಬಂದು ಕಣ್ಣು ಹಾಕ್ತಾರೆ" ಎಂದು ಜಯಮ್ಮ ತನ್ನ ಕಾಡಿಗೆ ಭರಣಿ ತಂದುಕೊಟ್ಟಳು. ಅವಳು ಕಾಡಿಗೆಯನ್ನು ಕೊಳ್ಳುವವಳಲ್ಲ. ಹರಳೆಣ್ಣೆ ದೀಪದ ಮಸಿ ಹಿಡಿದು, ತುಪ್ಪದಲ್ಲಿ ಕಲಸಿ ಮಾಡುತ್ತಾಳೆ. ಏಳು ಬಾಗಿಲ ಹಿಂದೆ ಏಳು ಬೊಟ್ಟು ಇಟ್ಟೆ. ಅದರಲ್ಲಿ ಎಣ್ಣೆಯಿದೆ, ತುಪ್ಪವಿದೆ, ಹೊಸ ಬಣ್ಣ ಅದನ್ನು ಹೀರುತ್ತದೆ ಎಂದು ಯೋಚಿಸಲಿಲ್ಲ. ಐವತ್ತು ವರ್ಷದ ಪೇಂಟರು ಯೋಚಿಸಲಿಲ್ಲ.

ಮಾರ್ಚ್ ನಡುವಿಗೆ ರಸ್ತೆಯುದ್ದಕ್ಕೂ ಮರಗಳು ಬಿಳಿ ಹೂ ಬಿಟ್ಟವು. ದೂರದಿಂದ ಮದುವೆ ಮಂಟಪದ ಹಾಗೆ ಕಾಣುತ್ತವೆ, ಹತ್ತಿರ ಹೋದರೆ ಹಳಸಿದ ಮೀನಿನ ನಾತ. ಊರ ಸುತ್ತ ಕಿಟಕಿಯೇ ಇಲ್ಲದ ದೊಡ್ಡ ದೊಡ್ಡ ಕಂಪ್ಯೂಟರ್ ಕಟ್ಟಡಗಳು, ಯಾವಾಗಲೂ ಗುಂಯ್ ಅನ್ನುತ್ತಿರುತ್ತವೆ. ಆ ಗುಂಯ್ ಶಬ್ದದಲ್ಲಿ, ಆ ನಾತದಲ್ಲಿ ನಾವು ಮನೆ ಬಿಟ್ಟು ಮನೆ ಬಿಟ್ಟು ಹೋಗುತ್ತಿದ್ದೆವು. ಯಾರಾದರೂ ಮನೆ ನೋಡಲು ಬರುತ್ತಾರೆ ಎಂದು ಫೋನು ಬಂದರೆ ಅರ್ಧ ಗಂಟೆಯಲ್ಲಿ ಎಲ್ಲರೂ ಹೊರಗೆ. ರೇಖಾ ಕಾರಿನಲ್ಲಿ ಕೂತು ಫೋನಿನಲ್ಲೇ ಇಂಟರ್‌ವ್ಯೂ ಕೊಡುತ್ತಿದ್ದಳು. ನಾನು, ಜಯಮ್ಮ ಹಿಂದಿನ ಕೊಳದ ಹತ್ತಿರ ಬೆಂಚಿನ ಮೇಲೆ. ಮನೆಯೊಳಗೆ ವಾಸನೆ ಬರಬಾರದೆಂದು ಅವಳು ಗರಾಜಿನಲ್ಲಿ ಕರೆಂಟು ಒಲೆಯಿಟ್ಟು ಅಡುಗೆ ಮಾಡುತ್ತಿದ್ದಳು, ಎಷ್ಟೋ ದಿನ ಕುಕ್ಕರ್ ಆಗಷ್ಟೇ ಕೂಗಿರುತ್ತಿತ್ತು. ಅದನ್ನು ಟವೆಲಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಬರುತ್ತಿದ್ದಳು.

"ಕೂಸು ಎತ್ಕೊಂಡ ಹಾಗೆ ಎತ್ಕೊಂಡಿದೀಯಲ್ಲೇ."

"ಬೆಚ್ಚಗಿದೆ ಕಣ್ರೀ. ಬೇಕಾದ್ರೆ ಸ್ವಲ್ಪ ಹೊತ್ತು ನೀವಿಟ್ಕೊಳಿ."

ಸರದಿಯ ಮೇಲೆ ಆ ಕುಕ್ಕರನ್ನು ಮಡಿಲಲ್ಲಿಟ್ಟುಕೊಂಡು, ಕೊಳದ ಆಚೆ ನಮ್ಮ ಮನೆಯ ಕಿಟಕಿಗಳಲ್ಲಿ ಗುರುತಿಲ್ಲದ ಜನ ಓಡಾಡುವುದನ್ನು ನೋಡುತ್ತಿದ್ದೆವು. ಒಬ್ಬರು ಪರದೆ ಸರಿಸುತ್ತಾರೆ. ಒಬ್ಬರು ದೀಪ ಹಾಕಿ ಆರಿಸುತ್ತಾರೆ. ನಮಗೇನೋ ನಾವು ಸತ್ತ ಮೇಲೆ ಮನೆ ನೋಡುತ್ತಿದ್ದೇವೆ ಅನ್ನಿಸುತ್ತಿತ್ತು. ಜಯಮ್ಮ ದೆವ್ವ ಅಂದದ್ದು ಸುಳ್ಳಲ್ಲ.

ನಲವತ್ತು ದಿನ ಕಳೆಯಿತು. ಕೆಲಸ ಸಿಗಲಿಲ್ಲ. ಮನೆಗೆ ಮಾತ್ರ ಜನ ಸಿಕ್ಕರು. ಗಂಡ ಹೆಂಡತಿ, ಸಣ್ಣ ಮಗು. ಮಗುವಿಗೆ ಉಬ್ಬಸವಂತೆ, ಕಾರ್ಪೆಟ್ಟಿಲ್ಲದ ಮರದ ನೆಲ ನೋಡಿ ಬಹಳ ಮೆಚ್ಚಿಕೊಂಡರಂತೆ. ಒಪ್ಪಂದ ಆಯಿತು. ಮನೆ ಗಟ್ಟಿಯಾಗಿದೆಯೋ ಇಲ್ಲವೋ ಪರೀಕ್ಷೆ ಮಾಡುವವನೊಬ್ಬ ಟಾರ್ಚು ಹಿಡಿದು ಬಂದು ಹೋದ. ಆ ರಾತ್ರಿ ರೇಖಾ ಎಷ್ಟೋ ದಿನದ ಮೇಲೆ ಎರಡು ಸಲ ಅನ್ನ ಹಾಕಿಸಿಕೊಂಡಳು. ಮನೆ ಹೋದರೆ ಹೋಗಲಿ, ಒಂದು ಭಾರ ಇಳಿಯಿತು ಎಂದು ನಾವೂ ಅಂದುಕೊಂಡೆವು.

ಮಾರನೇ ದಿನ ಶನಿವಾರ. ಬೆಳಿಗ್ಗೆ ತಿಂಡಿಯ ಹೊತ್ತಿಗೆ ಪರೀಕ್ಷೆಯ ವರದಿ ಫೋನಿಗೆ ಬಂತು. ಮಂಜು ಓದುತ್ತಾ ಓದುತ್ತಾ ಮೆತ್ತಗಾದ.

"ಏಳು ಕಡೆ ಬೂಷ್ಟು ಹಿಡಿದಿದೆಯಂತೆ. ಎಲ್ಲಾ ಬಾಗಿಲ ಹಿಂದೆ. ಸುತ್ತಲೂ ಹರಡ್ತಾ ಇದೆಯಂತೆ."

"ಹೇಗೆ ಸಾಧ್ಯ?" ರೇಖಾ ಅಂದಳು. "ಅಪ್ಪ ಈಗಷ್ಟೇ ಪೇಂಟ್ ಮಾಡಿದಾನೆ."

"ಅದನ್ನೇ ಮನೆ ತಗೊಳ್ಳೋರು ಹೇಳ್ತಿರೋದು. ಬೂಷ್ಟು ಮುಚ್ಚಿಡೋಕೆ ಅಂತಾನೇ ಪೇಂಟ್ ಹೊಡೆದಿದಾರೆ ಅಂತ ಅವರಿಗೆ ಅನುಮಾನ."

ಅನಿಕಾ ಫೋನು ನನ್ನ ಮುಂದೆ ಹಿಡಿದಳು. "ತಾತ, ಬೂಷ್ಟು ಅಂದ್ರೆ ಮೋಲ್ಡ್. ಹಳೇ ಬ್ರೆಡ್ ಮೇಲೆ ಬರತ್ತಲ್ಲ, ಅದು." ಏಳು ಫೋಟೋ. ಏಳರ ಸುತ್ತಲೂ ಕೆಂಪು ಗೆರೆ. ನಡುವೆ ಕಪ್ಪು, ಅದರ ಸುತ್ತ ಎಣ್ಣೆ ಇಳಿದು ಹಳದಿ ಉಂಗುರ, ಉಂಗುರದ ಅಂಚಿಗೆ ಮಸಿ ಹರಡಿ ನವಿರು ನವಿರಾಗಿತ್ತು. ನನ್ನ ಬೊಟ್ಟುಗಳೇ. ಗುರುತು ಹಿಡಿಯಲು ನನಗೆ ಒಂದು ಕ್ಷಣವೂ ಬೇಕಾಗಲಿಲ್ಲ.

ಆಗಲೇ ಹೇಳಬೇಕಿತ್ತು. ಬಾಯಿ ತೆರೆದಿದ್ದರೆ ಮುಗಿದುಹೋಗುತ್ತಿತ್ತು. ಜಯಮ್ಮ ನನ್ನ ಮೊಣಕೈ ಚಿವುಟಿ ಗರಾಜಿಗೆ ಎಳೆದುಕೊಂಡು ಹೋದಳು. "ಹೇಳ್ರೀ. ಈಗ್ಲೇ ಹೋಗಿ ಹೇಳಿ." "ಹೇಳ್ತೀನಿ, ಮೊದ್ಲು ಒರೆಸಿಬಿಡ್ತೀನಿ" ಎಂದೆ. ಒದ್ದೆ ಬಟ್ಟೆ ತೆಗೆದುಕೊಂಡು ಮೇಲಿನ ಕೋಣೆಗೆ ಹೋಗಿ ಒರೆಸಿದೆ. ಒರೆಸಿದಷ್ಟೂ ಕಪ್ಪು ಅಂಗೈ ಅಗಲವಾಯಿತು. ಆಗ ಭಯ ಬಂತು ನೋಡಿ. ಐವತ್ತು ವರ್ಷ ಗೋಡೆ ಶುದ್ಧ ಮಾಡಿದ ಕೈಗೆ ಒಂದು ಚುಕ್ಕೆ ಒರೆಸಲಾಗಲಿಲ್ಲ. ಕೆಳಗೆ ಬಂದು ಸೋಫಾದ ಮೂಲೆಯಲ್ಲಿ ಕೂತೆ. ರೇಖಾ ಒಂದಾದ ಮೇಲೆ ಒಂದು ಫೋನು ಮಾಡುತ್ತಿದ್ದಳು, ಬೂಷ್ಟು ಪರೀಕ್ಷೆ ಮಾಡುವವರಿಗೆ, ಲಿಂಡಾಗೆ, ಮತ್ತೆ ಪರೀಕ್ಷೆಯವರಿಗೆ. ಶನಿವಾರ, ಯಾರೂ ಸಿಗುತ್ತಿರಲಿಲ್ಲ. ನಾನು ಅಲ್ಲೇ ಇದ್ದೆ. ಈಗ ಹೇಳುತ್ತೇನೆ, ಈ ಫೋನು ಮುಗಿಯಲಿ ಎಂದುಕೊಳ್ಳುತ್ತಿದ್ದೆ. ಅದು ಮುಗಿಯುವಷ್ಟರಲ್ಲಿ ಇನ್ನೊಂದು. ತಪ್ಪು ಮಾಡಿದ ಕೂಲಿಯವನು ಯಜಮಾನನ ಮುಂದೆ ನಿಲ್ಲುವುದು ನನಗೆ ಹೊಸದಲ್ಲ. ಆದರೆ ಇವಳು ನನ್ನ ಮಗಳು. ಯಜಮಾನನಿಗಿಂತ ಅವಳಿಗೆ ಹೆಚ್ಚು ಹೆದರಿದೆ.

ಮಧ್ಯಾಹ್ನ ಮೂರಕ್ಕೆ ಲಿಂಡಾಳ ಫೋನು ಬಂತು. ಮಗುವಿನ ಉಬ್ಬಸಕ್ಕೆ ಅವರು ಹೆದರಿಕೊಂಡರಂತೆ. ಮನೆ ಬೇಡವೆಂದು ಬರೆದುಕೊಟ್ಟುಬಿಟ್ಟಿದ್ದರು.

ಆಮೇಲೆ ಹೇಳಿದೆ. ನಿಂತುಕೊಂಡು ಹೇಳಿದೆ. ಬೊಟ್ಟು, ಕಾಡಿಗೆ, ಎಲ್ಲಾ. ರೇಖಾ ಗೋಡೆಯನ್ನೇ ನೋಡುತ್ತಿದ್ದಳು.

"ಬೆಳಿಗ್ಗೆನೇ ಗೊತ್ತಿತ್ತಾ?"

"ಗೊತ್ತಿತ್ತು."

"ಆರು ಗಂಟೆ ಕಾಲ ನಾನು ಹುಚ್ಚಿ ಥರ ಫೋನ್ ಮಾಡ್ತಿದ್ದೆ. ಅಲ್ಲೇ ಕೂತಿದ್ರಿ."

ಅವಳು ಕೂಗಲಿಲ್ಲ, ಅಳಲಿಲ್ಲ. ಯಾರದೋ ಹತ್ತಿರ ಮಾತಾಡುವ ಹಾಗೆ ಹೇಳಿದಳು: "ನೀವು ಈ ಸಲ ಬರದೇ ಇದ್ದಿದ್ರೆ ಚೆನ್ನಾಗಿತ್ತು."

ನಮ್ಮಲ್ಲಿ ಅಪ್ಪನಿಗೆ ನೀವು ಅನ್ನುವ ರೂಢಿಯಿಲ್ಲ. ದೇವರಿಗೂ ನೀನು, ಅಪ್ಪನಿಗೂ ನೀನು. ಮಾತು ಕಲಿತ ದಿನದಿಂದ ಅವಳು ನನ್ನನ್ನು ನೀನು ಎಂದೇ ಕರೆದವಳು. ಇಂಜಿನಿಯರಿಂಗ್ ಸೇರಿದಾಗ, ಅಮೆರಿಕಕ್ಕೆ ಬಂದಾಗ, ಮದುವೆಯಲ್ಲಿ ಬೀಗರ ಎದುರು, ಎಲ್ಲೂ ಬದಲಾಯಿಸಿರಲಿಲ್ಲ. "ನಮ್ಮಪ್ಪನಿಗೆ ನೀವು ಅಂದ್ರೆ ಅವನು ಹಿಂದೆ ತಿರುಗಿ ಯಾರು ಬಂದ್ರು ಅಂತ ನೋಡ್ತಾನೆ" ಎಂದು ನಗುತ್ತಿದ್ದಳು. ಅವತ್ತು ನಾನು ನಿಜವಾಗಿಯೂ ಹಿಂದೆ ತಿರುಗಿ ನೋಡಿದೆ.

ಏಳು ಕಲೆಗಳನ್ನು ಉಪ್ಪುಕಾಗದದಲ್ಲಿ ಉಜ್ಜಿ, ಪುಟ್ಟಿ ತುಂಬಿ, ಮತ್ತೆ ಬೂದಿ ಬಳಿದೆ. ಬೂಷ್ಟಲ್ಲವೆಂದು ಕಾಗದವೂ ಬಂತು. ಏನೂ ಪ್ರಯೋಜನವಾಗಲಿಲ್ಲ. ನಿಶ್ಚಿತಾರ್ಥ ಮುರಿದ ಮನೆತನವನ್ನು ಊರು ನೋಡುತ್ತದಲ್ಲ, ಮಾರಾಟ ಮುರಿದ ಮನೆಯನ್ನೂ ಇಲ್ಲಿ ಹಾಗೆಯೇ ನೋಡುತ್ತಾರೆ. ಏಪ್ರಿಲಿನಲ್ಲಿ ಹೂವುದುರಿ ಮರಗಳು ಹಸಿರಾದವು. ಹಳದಿ ಪರಾಗ ಬಿದ್ದು ಬೋರ್ಡು, ಕಾರು, ಮೆಟ್ಟಿಲು ಎಲ್ಲಾ ಅರಿಶಿನ ಮೆತ್ತಿದ ಹಾಗಾದವು. ಯಾರೂ ಬರಲಿಲ್ಲ. ನಾವು ಮನೆ ಬಿಟ್ಟು ಹೊರಡಬೇಕಾದ ದಿನಗಳಿಗಿಂತ, ಯಾರೂ ಹೊರಡಿ ಎಂದು ಹೇಳದ ಆ ದಿನಗಳು ಭಯಂಕರವಾಗಿದ್ದವು. ಕುಕ್ಕರು ಮನೆಯೊಳಗೇ ಕೂಗುತ್ತಿತ್ತು, ಉಣ್ಣುವವರು ಇರಲಿಲ್ಲ.

ಒಂದು ಮಧ್ಯಾಹ್ನ ರೇಖಾ ಕಾರಿನಲ್ಲಿ ಕೂತಿದ್ದಳು. ಫೋನು ಪಕ್ಕದ ಸೀಟಿನ ಮೇಲಿತ್ತು. ಎಂಜಿನ್ನು ನಿಂತಿತ್ತು. ಎರಡು ಕೈಯಲ್ಲೂ ಸ್ಟೀರಿಂಗು ಹಿಡಿದು, ಎಲ್ಲಿಗೋ ಹೋಗುತ್ತಿರುವವಳ ಹಾಗೆ ಮುಂದೆ ನೋಡುತ್ತಿದ್ದಳು. ನಾನು ಕಿಟಕಿಯವರೆಗೂ ಹೋದೆ. ತಟ್ಟಲು ಕೈಯೆತ್ತಿದೆ. "ಏನ್ ಬೇಕಿತ್ತು, ಹೇಳಿ" ಅಂದುಬಿಟ್ಟರೆ? ಆ ಒಂದು "ಹೇಳಿ"ಗೆ ಹೆದರಿ ಕೈ ಇಳಿಸಿ ವಾಪಸ್ ಬಂದೆ. ಈಗಲೂ ಕಣ್ಣು ಮುಚ್ಚಿದರೆ ಆ ಗಾಜು ಕಾಣುತ್ತದೆ. ಅದರ ಮೇಲೂ ಹಳದಿ ಧೂಳು.

ಐವತ್ನಾಲ್ಕನೇ ದಿನ ಕೆಲಸ ಸಿಕ್ಕಿತು. ಈ ಊರಿನಲ್ಲಲ್ಲ, ಏಳೆಂಟು ಗಂಟೆ ಕಾರಿನ ದಾರಿ ದಕ್ಷಿಣಕ್ಕೆ, ಫೋರ್ಟ್ ಮಿಲ್ಲಿನಲ್ಲಿ. ರೇಖಾ ಒಳಗೆ ಬಂದು "ಸಿಕ್ತು" ಎಂದಳು. ನಾವು ಕುಣಿಯಬೇಕಿತ್ತು. ಯಾರೂ ಕುಣಿಯಲಿಲ್ಲ. ಅವಳು ಹಾಲಿನ ಬರಿ ನೆಲದ ಮೇಲೆ ಹಾಗೆಯೇ ಮಲಗಿ ನಿದ್ದೆ ಹೋದಳು. ಜಯಮ್ಮ ಅವಳ ಕಾಲಿಗೆ ಟವೆಲು ಹೊದಿಸಿದಳು, ಕುಕ್ಕರ್ ಸುತ್ತುತ್ತಿದ್ದ ಅದೇ ಟವೆಲು. ಮನೆ ಮಾರಲು ಸಮಯವಿರಲಿಲ್ಲ. ಬೋರ್ಡು ಕಿತ್ತು, ಅವಸರದಲ್ಲಿ ಬಾಡಿಗೆಗೆ ಕೊಟ್ಟು ಅವರು ಹೊರಟರು. ನಾವಿಬ್ಬರೂ ಊರಿಗೆ ವಿಮಾನ ಹತ್ತಿದೆವು. ಏರ್‌ಪೋರ್ಟಿನಲ್ಲಿ ರೇಖಾ ಅವಳಮ್ಮನನ್ನು ತಬ್ಬಿಕೊಂಡಳು. ನನಗೆ, "ಬಿ.ಪಿ. ಮಾತ್ರೆ ಮರೀಬೇಡಿ" ಎಂದಳು.

ಮರೀಬೇಡಿ. ಊಟ ಮಾಡಿದ್ರಾ. ಚಳಿಯಲ್ಲಿ ವಾಕಿಂಗ್ ಹೋಗ್ಬೇಡಿ. ಎರಡೂವರೆ ವರ್ಷ ಫೋನಿನಲ್ಲಿ ಇದೇ. ಒಂದು ದಿನವೂ ಒರಟಾಗಿ ಮಾತಾಡಲಿಲ್ಲ. ಒರಟಾಗಿ ಮಾತಾಡಿದ್ದರೆ ಚೆನ್ನಾಗಿತ್ತು. ಮರ್ಯಾದೆ ಕೊಟ್ಟು ದೂರ ಇಡುವುದು ಎಂದರೆ ಏನೆಂದು ನನಗೆ ಆಗ ತಿಳಿಯಿತು. ಮೈಸೂರಿನಲ್ಲಿ ಪಕ್ಕದ ಮನೆಯವರು ಒಂದು ಕೋಣೆಗೆ ಬಣ್ಣ ಹೊಡೆದುಕೊಡಿ ಎಂದರು. ಹೊಡೆದೆ. ಕೊನೆಗೆ ಬೊಟ್ಟಿಡಲು ಬೆರಳೆತ್ತಿದೆ, ಕೈ ಮುಂದೆ ಹೋಗಲಿಲ್ಲ. ಐವತ್ತು ವರ್ಷದಲ್ಲಿ ಮೊದಲ ಸಲ ಬೊಟ್ಟಿಡದೆ ಕುಂಚ ತೊಳೆದೆ.

ಈಗ ರೇಖಾಗೆ ಮತ್ತೆ ಆಶ್‌ಬರ್ನಿನಲ್ಲೇ ಕೆಲಸ ಸಿಕ್ಕಿದೆ. ಮಾರದೆ ಉಳಿದ ಮನೆ ಕಾಯುತ್ತಾ ಇತ್ತು. ಮೂರು ವಾರದ ಹಿಂದೆ ನಾವು ಫೋರ್ಟ್ ಮಿಲ್ಲಿಗೆ ಬಂದೆವು, ಸಾಮಾನು ಕಟ್ಟಿದೆವು. ನಸುಕಿನಲ್ಲಿ ಹೊರಡುವುದು ಬೇಡವೆಂದು ಮೊನ್ನೆಯೇ ಹೊರಟು ದಾರಿಯಲ್ಲಿ ತಂಗಿ ನಿನ್ನೆ ಬಂದೆವು. ಕಾರಿನಲ್ಲಿ ಮಂಜು, "ಮಾವ, ಲೆಕ್ಕ ನೋಡಿದ್ರೆ ನಿಮ್ಮ ಬೊಟ್ಟೇ ಮನೆ ಉಳಿಸಿದ್ದು" ಎಂದು ನಕ್ಕ. ರೇಖಾ ಕಿಟಕಿಯ ಹೊರಗೆ ನೋಡಿದಳು. ನಾನೂ ನಗಲಿಲ್ಲ. ಬೊಟ್ಟು ಮನೆ ಉಳಿಸಿರಬಹುದು. ಆ ಆರು ಗಂಟೆ ನಾನು ಬಾಯಿ ಮುಚ್ಚಿ ಕೂತದ್ದನ್ನು ಅದು ಅಳಿಸುವುದಿಲ್ಲ. ಅರವತ್ತು ದಿನದ ಕತ್ತಿಯೂ ಎಲ್ಲೂ ಹೋಗಿಲ್ಲ. ಹೊಸ ಕೆಲಸವೂ ಅದೇ ವೀಸಾದ ಮೇಲೆ ನಿಂತಿದೆ, ನನಗೆ ಗೊತ್ತು.

ಆದರೂ ಬಂದೆವಲ್ಲ! ನಿನ್ನೆಯೆಲ್ಲಾ ಪೆಟ್ಟಿಗೆ ಬಿಚ್ಚಿದ್ದೇ ಬಿಚ್ಚಿದ್ದು. ದೇವರು ಡಿಕ್ಕಿಯಿಂದ ಇಳಿದು ಉಗ್ರಾಣಕ್ಕೆ ಬಂದರು. ನಾನು ಅನಿಕಾಳ ಕೈಗೆ ಸ್ಕ್ರೂಡ್ರೈವರ್ ಕೊಟ್ಟು ಅವಳ ಕೋಣೆಯ ಸ್ವಿಚ್ಚಿನ ಪ್ಲೇಟು ತೋರಿಸಿದೆ. "ಬಿಚ್ಚು. ಒಳಗೆ ಕೈ ಹಾಕ್ಬೇಡ, ಬರೀ ನೋಡು." ಬಿಚ್ಚಿ ನೋಡಿ ಅವಳು ಕಿರುಚಿದ ಕಿರುಚಾಟಕ್ಕೆ ರೇಖಾ ಮೆಟ್ಟಿಲು ಹತ್ತಿ ಓಡಿ ಬಂದಳು. ಬೆರಳಗಲ ಗಿಳಿಹಸಿರು. ರೇಖಾ ಅದನ್ನು ನೋಡಿದಳು, ನನ್ನನ್ನು ನೋಡಿದಳು, ಕೆಳಗೆ ಹೋದಳು.

ಸಂಜೆ ಜಯಮ್ಮ ಯಾರನ್ನೂ ಕೇಳದೆ ಬೇಳೆ ಸಾರಿಗೆ ಇಂಗಿನ ಒಗ್ಗರಣೆ ಹಾಕಿದಳು. ಸಾಸಿವೆ ಸಿಡಿದದ್ದೇ ತಡ, ಚಾವಣಿಯ ಹೊಗೆ ಅಲಾರಮ್ಮು ಕೂಗಿಕೊಂಡಿತು. ಮಂಜು ಕುರ್ಚಿ ಹತ್ತಿ ಟವೆಲು ಬೀಸಿದ. "ಬೀಸಪ್ಪಾ ಬೀಸು, ಈಗ ಯಾರು ಮನೆ ನೋಡೋಕೆ ಬರ್ತಾರೆ!" ಎಂದು ಜಯಮ್ಮ ಇನ್ನೊಂದು ಒಣಮೆಣಸಿನಕಾಯಿ ಮುರಿದು ಹಾಕಿದಳು. ಊಟದ ಮೇಜು ಇನ್ನೂ ಜೋಡಿಸಿರಲಿಲ್ಲ, ಸ್ಟೀಲ್ ತಟ್ಟೆಗಳು ಯಾವ ಪೆಟ್ಟಿಗೆಯಲ್ಲಿವೆಯೋ ಸಿಗಲಿಲ್ಲ. ಮರದ ನೆಲದ ಮೇಲೆ ಹಾಸಿಕೊಂಡು, ಕಾಗದದ ತಟ್ಟೆ ಇಟ್ಟುಕೊಂಡು ಐದೂ ಜನ ಸುತ್ತ ಕೂತೆವು. ಅನ್ನ, ಸಾರು, ಆಲೂಗಡ್ಡೆ ಪಲ್ಯ, ಬೆಳಿಗ್ಗೆ ಉಕ್ಕಿಸಿದ ಹಾಲಿನಲ್ಲಿ ಶ್ಯಾವಿಗೆ ಪಾಯಸ.

ರೇಖಾ ಗೋಡೆಗಳ ಕಡೆ ಕಣ್ಣು ಹಾಯಿಸಿ, "ಈ ಬೂದಿ ಬಣ್ಣ ಇನ್ನು ನೋಡೋಕಾಗಲ್ಲ" ಎಂದಳು.

"ಗ್ರೀನ್! ಅಮ್ಮ, ನನ್ನ ರೂಮ್ ಗ್ರೀನ್!"

"ಆಯ್ತು, ತಾತನ್ನ ಕೇಳು." ಅವಳು ಸೌಟು ತೆಗೆದುಕೊಂಡು ನನ್ನ ತಟ್ಟೆಗೆ ಸಾರು ಬಿಟ್ಟಳು. ನನ್ನ ಮುಖ ನೋಡಲಿಲ್ಲ, ತಟ್ಟೆಯನ್ನೇ ನೋಡುತ್ತಾ ಹೇಳಿದಳು: "ಅಪ್ಪ, ಸೋಮವಾರ ಹೋಗಿ ಪೇಂಟ್ ತರೋಣ. ಬೊಟ್ಟು ಮಾತ್ರ ಈ ಸಲ ಕಾಡಿಗೇಲಿ ಬೇಡ. ಮಾರ್ಕರ್‌ನಲ್ಲಿ ಇಡು."

ಇಡು ಅಂದಳು.

ಪಲ್ಯ ಬಡಿಸುತ್ತಿದ್ದ ಜಯಮ್ಮನ ಕೈ ನಿಂತಿತು. ಮಂಜು ತಲೆ ತಗ್ಗಿಸಿ ಅನ್ನ ಕಲಸಿದ. ಅನಿಕಾ ಏನೂ ತಿಳಿಯದೆ ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿದಳು.

"ಸಾರಿಗೆ ಉಪ್ಪು ಸಾಕಾ?" ಎಂದು ಜಯಮ್ಮ ಕೇಳಿದಳು.

"ಸಾಕು" ಎಂದೆ. ನನಗೆ ರುಚಿಯೇ ಗೊತ್ತಾಗುತ್ತಿರಲಿಲ್ಲ. ತಟ್ಟೆ ಮುಂದೆ ಸರಿಸಿ, ಮಗಳ ಕೈಯಿಂದಲೇ ಇನ್ನೊಂದು ಸೌಟು ಹಾಕಿಸಿಕೊಂಡೆ.